ಬಿಸಿನೀರಿನ ಮೂರ್ಛೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗನೊಬ್ಬನು ದೀಪಾವಳಿಯ ರಜೆ ಮುಗಿದ ಮೇಲೆ ತರಗತಿಗೆ ಬರಲಿಲ್ಲ. ಅವನು ಲೆಕ್ಕದಲ್ಲಿ ಚುರುಕು. ಆಟದಲ್ಲಿಯೂ ಹಿಂದೆ ಬಿದ್ದವನಲ್ಲ. ಎರಡು ವಾರ ಕಾದು ನೋಡಿದ ಉಪಾಧ್ಯಾಯರೊಬ್ಬರು ಉದ್ದನಪಲ್ಲಿಗೆ ಸಮೀಪದಲ್ಲಿರುವ ಅವನ ಹಳ್ಳಿಗೆ ತಾವೇ ಹೋಗಿ ವಿಚಾರಿಸಿದರು. ಹುಡುಗನು ಜಗುಲಿಯ ಮೇಲೆ ಕುಳಿತಿದ್ದನು. ಕೊರಳಲ್ಲಿ ಹೊಸದಾಗಿ ಕಟ್ಟಿದ ತಾಯಿತವಿತ್ತು. ಹಬ್ಬದ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಗೆ ನೀರು ಹುಯ್ಯುತ್ತಿದ್ದಾಗ ಅವನು ಬಚ್ಚಲಲ್ಲಿಯೇ ಕಣ್ಣು ಮೇಲಕ್ಕೆ ತೇಲಿಸಿ ಬಿದ್ದನಂತೆ. ಕೈಕಾಲು ಸೆಟೆದು ಅದುರಿದವಂತೆ. ಅದಕ್ಕೆ ಮೊದಲು ಯುಗಾದಿಯ ದಿನ ಒಮ್ಮೆ, ಅಕ್ಕನ ಮದುವೆಯ ಚಪ್ಪರದ ದಿನ ಮತ್ತೊಮ್ಮೆ ಹೀಗೆಯೇ ಆಗಿತ್ತು.

“ಹಬ್ಬ ಬಂದರೆ ಸಾಕು, ಹಿಡೀತದೆ ಮೇಷ್ಟ್ರೇ. ದೇವರಿಗೆ ಏನೋ ತಪ್ಪು ನಡೆದದೆ” ಎಂದು ಅಜ್ಜಿ ಹೇಳಿದರು. ತಾಯಿಯ ಚಿಂತೆ ಬೇರೆ. “ಇಸ್ಕೂಲಿನಾಗೆ ಬಿದ್ದರೆ ಯಾರು ನೋಡ್ಕೋತಾರೆ?” ಎಂಬುದಷ್ಟೆ ಆಕೆಯ ಪ್ರಶ್ನೆ. ಹುಡುಗನನ್ನು ಶಾಲೆಯಿಂದ ಬಿಡಿಸಿ ಕುರಿಗಳ ಹಿಂದೆ ಕಳುಹಿಸುವುದೆಂದು ಮನೆಯವರು ನಿಶ್ಚಯಿಸಿದ್ದರು.

ನಮ್ಮ ಉಪಾಧ್ಯಾಯರು ವೈದ್ಯರಲ್ಲ. ಆದರೆ ಅವರು ಒಂದು ಒಳ್ಳೆಯ ಪ್ರಶ್ನೆಯನ್ನು ಕೇಳಿದರು: ಹಬ್ಬವಲ್ಲದ ದಿನಗಳಲ್ಲಿ ಹೀಗೆ ಆದುದುಂಟೆ? ತಾಯಿಯು ಬಹಳ ಹೊತ್ತು ಯೋಚಿಸಿ, ಎರಡು ಮೂರು ಶನಿವಾರಗಳಲ್ಲಿಯೂ ಆಗಿತ್ತೆಂದು ಹೇಳಿದರು. ಶನಿವಾರವೆಂದರೆ ಆ ಮನೆಯಲ್ಲಿ ಗಂಡುಮಕ್ಕಳಿಗೆ ಎಣ್ಣೆನೀರಿನ ದಿನ. ಬರಿಯ ಮೈಗೆ ನೀರು ಹಾಕಿಕೊಂಡ ದಿನಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ಯುಗಾದಿ, ಚಪ್ಪರ, ದೀಪಾವಳಿ, ಶನಿವಾರ, ಇವಿಷ್ಟಕ್ಕೂ ಸಾಮಾನ್ಯವಾದುದು ದೇವರ ಕೋಪವಲ್ಲ, ತಲೆಯ ಮೇಲೆ ಬಿದ್ದ ಬಿಸಿನೀರು ಎಂಬ ಸಂಶಯ ಅಲ್ಲಿಯೇ ಹುಟ್ಟಿತು. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು ಹುಡುಗನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದು ಉಪಾಧ್ಯಾಯರು ಹೇಳಿ ಬಂದರು. ಅಲ್ಲಿನ ವೈದ್ಯರು ಆ ಕಾಗದವನ್ನು ಓದಿ ಸ್ವಲ್ಪವೂ ಆಶ್ಚರ್ಯಪಡಲಿಲ್ಲವಂತೆ. ನೀರು ಎಷ್ಟು ಬಿಸಿಯಾಗಿತ್ತು, ಎಷ್ಟು ಚೊಂಬು ಹುಯ್ದ ಮೇಲೆ ಬಿದ್ದನು, ಮನೆತನದಲ್ಲಿ ಇನ್ನಾರಿಗಾದರೂ ಹೀಗೆ ಆಗುವುದುಂಟೆ, ಎಂದು ತಾವಾಗಿಯೇ ಕೇಳಿದರಂತೆ. ಏಕೆಂದರೆ ಈ ಕಾಯಿಲೆಗೆ ಹೆಸರುಂಟು. ಇದನ್ನು ಕುರಿತು ಬೆಂಗಳೂರಿನಲ್ಲಿಯೇ ಅರ್ಧಶತಮಾನಕ್ಕೂ ಮಿಕ್ಕಿ ಸಂಶೋಧನೆ ನಡೆದಿದೆ. ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಮೂರ್ಛೆರೋಗವೆಂದರೇನೆಂಬುದನ್ನು ನೋಡೋಣ. ಪುಸ್ತಕಗಳಲ್ಲಿ ಇದಕ್ಕೆ ಅಪಸ್ಮಾರವೆಂದು ಹೆಸರು. ಕೆಲವು ಕಡೆ ಮಲರೋಗವೆನ್ನುವರು. ನಮ್ಮ ನೆರೆಯ ತಮಿಳು ಮನೆಗಳಲ್ಲಿ ವಲಿಪ್ಪು ಎನ್ನುವರು. ಆಸ್ಪತ್ರೆಯ ಮಾತಿನಲ್ಲಿ ಎಲ್ಲರಿಗೂ ಅದು ಫಿಟ್ಸ್. ಮನುಷ್ಯನ ಮೆದುಳಿನ ತೂಕ ಸುಮಾರು 1,400 ಗ್ರಾಂ. ಅದರಲ್ಲಿ ಎಂಟು ಸಾವಿರ ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನಿಂದ ಕೆಳಕ್ಕೆ, ಬೆನ್ನೆಲುಬಿನ ಮಣಿಗಳ ನಡುವಣ ಕಾಲುವೆಯಲ್ಲಿ, ಸುಮಾರು ಒಂದೂವರೆ ಅಡಿ ಉದ್ದದ ಬೆನ್ನುಹುರಿ ಇಳಿದಿದೆ. ಕೈಕಾಲಿಗೆ ಹೋಗುವ ಅಪ್ಪಣೆಗಳೆಲ್ಲ ಈ ಹುರಿಯ ಮೂಲಕವೇ ಹೋಗಬೇಕು. ಕೈಕಾಲಿನ ಸಮಾಚಾರಗಳೆಲ್ಲ ಇದರ ಮೂಲಕವೇ ಮೇಲೇರಬೇಕು. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಅತ್ಯಲ್ಪ ಪ್ರಮಾಣದ ವಿದ್ಯುತ್ತಿನಿಂದ ಮತ್ತು ಕೆಲವು ರಾಸಾಯನಿಕ ವಸ್ತುಗಳಿಂದ.

ತರಗತಿಯಲ್ಲಿ ಮಕ್ಕಳು ತಂತಮ್ಮ ಪಾಠವನ್ನು ಮೆಲ್ಲಗೆ ಓದಿಕೊಳ್ಳುತ್ತಿರುವಾಗ ಸಣ್ಣ ಗುಂಯ್‌ಗುಟ್ಟುವ ಶಬ್ದವಿರುತ್ತದಷ್ಟೆ. ಆರೋಗ್ಯವಂತನ ಮೆದುಳು ಯಾವಾಗಲೂ ಹಾಗಿರುತ್ತದೆ. ಒಂದು ಮೂಲೆಯಲ್ಲಿ ನಾಲ್ಕು ಮಂದಿ ಒಟ್ಟಾಗಿ ಒಂದೇ ಮಗ್ಗಿಯನ್ನು ಗಟ್ಟಿಯಾಗಿ ಕೂಗತೊಡಗಿದರೆಂದು ಭಾವಿಸಿರಿ. ಅಷ್ಟಕ್ಕೇ ನಿಂತರೆ ಆ ಮೂಲೆಯ ಕೆಲಸ ಮಾತ್ರ ಕೆಡುತ್ತದೆ. ಕೂಗು ಪಕ್ಕದವರಿಗೂ ಹಬ್ಬಿ ಇಡೀ ತರಗತಿ ಒಂದೇ ತಾಳದಲ್ಲಿ ಕೂಗತೊಡಗಿದರೆ ಉಪಾಧ್ಯಾಯರ ಮಾತು ಯಾರಿಗೂ ಕೇಳಿಸದು. ಮೂರ್ಛೆಯ ಸೆಳವು ಎಂದರೆ ಇದೇ. ನರಕೋಶಗಳ ಗುಂಪೊಂದು ಏಕಕಾಲದಲ್ಲಿ ಮಿತಿಮೀರಿ ವಿದ್ಯುತ್ತನ್ನು ಹೊಮ್ಮಿಸುತ್ತದೆ. ಗುಂಪು ಚಿಕ್ಕದಾದರೆ ಒಂದು ಕೈ ಅದುರಬಹುದು, ಅಥವಾ ಮಗುವು ಕಣ್ಣು ತೆರೆದಂತೆಯೇ ಕ್ಷಣಕಾಲ ಎಲ್ಲಿಯೋ ಕಳೆದುಹೋದಂತೆ ಕಾಣಬಹುದು. ದೊಡ್ಡದಾದರೆ ಎಚ್ಚರ ತಪ್ಪಿ ಮೈಯೆಲ್ಲ ಸೆಟೆಯುತ್ತದೆ. ಪಾಠದ ನಡುವೆ ಹೀಗೆ ಕ್ಷಣಕಾಲ ಕಳೆದುಹೋಗುವ ಮಗುವನ್ನು ಗಮನವಿಲ್ಲದವನೆಂದು ದಂಡಿಸಿದ ಉದಾಹರಣೆಗಳು ಎಲ್ಲ ಶಾಲೆಗಳಲ್ಲಿಯೂ ಇರಬೇಕು; ನಮ್ಮದರಲ್ಲಿ ಇಲ್ಲವೆಂದು ಹೇಳಲಾರೆವು.

ಈ ವಿದ್ಯುತ್ತನ್ನು ತಲೆಬುರುಡೆಯ ಹೊರಗಿನಿಂದಲೇ ಅಳೆದು ಗೆರೆಗಳಾಗಿ ಬರೆಯಬಹುದೆಂದು ತೋರಿಸಿದವನು ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಆತನು ಮೊದಲ ಬಾರಿಗೆ ಮನುಷ್ಯನ ಮೆದುಳಿನ ಅಲೆಗಳನ್ನು ಹಿಡಿದನು, 1929ರಲ್ಲಿ ಪ್ರಕಟಿಸಿದನು. ಇಂದು ಇ.ಇ.ಜಿ. ಎಂದು ಕರೆಯುವ ಪರೀಕ್ಷೆ ಅದೇ. ಔಷಧಗಳಲ್ಲಿ ಒಂದು ಅದಕ್ಕಿಂತ ಮೊದಲೇ, ಇನ್ನೊಂದು ಆಮೇಲೆ ಬಂದಿತು. ಫೀನೊಬಾರ್ಬಿಟಾಲ್ ಎಂಬುದನ್ನು 1912ರಿಂದಲೂ, ಫೆನಿಟಾಯಿನ್ ಎಂಬುದನ್ನು 1938ರಿಂದಲೂ ಮೂರ್ಛೆಗೆ ಕೊಡುತ್ತಿದ್ದಾರೆ. ಎರಡೂ ಇಂದಿಗೂ ಬಳಕೆಯಲ್ಲಿವೆ, ಬೆಲೆಯೂ ಕಡಿಮೆ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆಯೆಂದೂ, ಸರಿಯಾಗಿ ಗುರುತಿಸಿ ಚಿಕಿತ್ಸೆ ಕೊಟ್ಟರೆ ಅವರಲ್ಲಿ ನೂರಕ್ಕೆ 70 ಮಂದಿಯವರೆಗೆ ಸೆಳವಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ಸೀಮೆಯ ಸಂಗತಿಗೆ ಬರೋಣ. ಹೊಸೂರಿನ ಹೆಸರನ್ನೇ ಹೊತ್ತ ಹೆದ್ದಾರಿಯು ಅತ್ತಿಬೆಲೆ, ಚಂದಾಪುರಗಳನ್ನು ದಾಟಿ ಬೆಂಗಳೂರನ್ನು ಹೊಕ್ಕು, ಮಡಿವಾಳ, ಆಡುಗೋಡಿಗಳನ್ನು ಕಳೆದ ಮೇಲೆ ಒಂದು ವಿಶಾಲವಾದ ಆವರಣದ ಪಕ್ಕದಲ್ಲಿ ಹಾಯುತ್ತದೆ. ನಮ್ಮವರಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ, ಹುಚ್ಚಾಸ್ಪತ್ರೆಯೆಂದು ಮಕ್ಕಳಿಗೆ ತೋರಿಸಿದವರೇ. ಅದು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಚಿಕ್ಕದಾಗಿ ನಿಮ್ಹಾನ್ಸ್. 1847ರಲ್ಲಿ ಬೆಂಗಳೂರಿನಲ್ಲಿ ಮನೋರೋಗಿಗಳಿಗಾಗಿ ತೆರೆದ ಆಶ್ರಯವೇ ಇದರ ಮೂಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಾಯಿತು. 1954ರಲ್ಲಿ ಅದರ ಜೊತೆಯಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಮನಸ್ಸಿನ ಕಾಯಿಲೆಯ ಪಕ್ಕದಲ್ಲಿಯೇ ಮೆದುಳು ಮತ್ತು ಬೆನ್ನುಹುರಿಯ ಕಾಯಿಲೆಗಳಿಗೂ ಎಡೆ ದೊರೆಯಿತು. ಶಸ್ತ್ರವೈದ್ಯರಾದ ಡಾ. ಆರ್. ಎಂ. ವರ್ಮ ಅವರು ಕೆನ್ನೆಯ ಮೂಲಕ ಸೂಜಿಯನ್ನು ತೂರಿಸಿ ಮೆದುಳಿನ ಆಳವನ್ನು ತಲುಪಿ ನಡುಕದ ರೋಗಕ್ಕೆ ಚಿಕಿತ್ಸೆ ಮಾಡುವ ಕ್ರಮವೊಂದನ್ನು ರೂಪಿಸಿ ಹೆಸರಾದುದು ಇಲ್ಲಿಯೇ. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಈಗಿನ ಹೆಸರು ಬಂದಿತು. 1995ರಲ್ಲಿ, ಮೃತರ ಬಂಧುಗಳು ದಾನವಾಗಿ ಕೊಟ್ಟ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಾಡಿಡುವ ಭಂಡಾರವೂ ಇಲ್ಲಿ ಆರಂಭವಾಯಿತು.

ಈ ಸಂಸ್ಥೆಯವರು ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ವಿಚಾರಿಸಿ ನರರೋಗಗಳ ಲೆಕ್ಕವನ್ನು ತೆಗೆದರು. ಅದು 2004ರಲ್ಲಿ ಪ್ರಕಟವಾಯಿತು. ಮೂರ್ಛೆರೋಗವು ಪಟ್ಟಣದಲ್ಲಿ ಸಾವಿರಕ್ಕೆ 5.7 ಮಂದಿಗೆ, ಹಳ್ಳಿಯಲ್ಲಿ ಸಾವಿರಕ್ಕೆ 11.9 ಮಂದಿಗೆ ಇದ್ದುದು ಕಂಡುಬಂದಿತು. ಹಳ್ಳಿಯಲ್ಲಿ ಪಟ್ಟಣದ ಎರಡರಷ್ಟು! ವೈದ್ಯರಿರುವುದು ಒಂದು ಕಡೆ, ರೋಗವಿರುವುದು ಇನ್ನೊಂದು ಕಡೆ.

ಈಗ ಬಿಸಿನೀರಿನ ಕಥೆ. 1945ರಲ್ಲಿ ನ್ಯೂಜಿಲೆಂಡ್ ದೇಶದ ಅಲನ್ ಎಂಬ ವೈದ್ಯನು, ಬಿಸಿನೀರಿನ ಸ್ನಾನದಿಂದ ಮೂರ್ಛೆ ಬರುತ್ತಿದ್ದ ಹತ್ತು ವರ್ಷದ ಬಾಲಕನೊಬ್ಬನ ವಿಷಯವನ್ನು ಬರೆದನು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತೆ ಇಂಥವರು ಕಂಡರು. ಇದು ಅತಿ ಅಪರೂಪದ ವಿಚಿತ್ರವೆಂದೇ ವೈದ್ಯಲೋಕ ತಿಳಿದಿತ್ತು. ಆದರೆ ಬೆಂಗಳೂರಿನ ನರವೈದ್ಯರಾದ ಡಾ. ಕೆ. ಎಸ್. ಮಣಿ ಅವರ ಬಳಿಗೆ ಬರುತ್ತಿದ್ದ ರೋಗಿಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿತು. ಅವರೂ ಅವರ ಸಹೋದ್ಯೋಗಿಗಳೂ 1968ರಲ್ಲಿ ಮೊದಲ ವರದಿಯನ್ನು ಬರೆದರು. 1972ರ ಹೊತ್ತಿಗೆ 60 ರೋಗಿಗಳ ವಿವರ, ಕೆಲವೇ ವರ್ಷಗಳಲ್ಲಿ 108 ರೋಗಿಗಳ ವಿವರ ಸಿದ್ಧವಾಯಿತು. 1988ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ಅವರ ತಂಡವು 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಬೇರೆಡೆ ಬೆರಳೆಣಿಕೆಯಷ್ಟು ಮಂದಿ ಇದ್ದ ರೋಗಕ್ಕೆ ನಮ್ಮ ನಾಡಿನ ಒಂದೇ ಊರಿನಲ್ಲಿ ಇಷ್ಟು ಮಂದಿ! ಮುಂದೆ ತುರ್ಕಿಯಿಂದಲೂ ಹಲವು ರೋಗಿಗಳ ವರದಿಗಳು ಬಂದವು. ಆದರೂ ಬಿಸಿನೀರಿನ ಮೂರ್ಛೆ ಎಂದೊಡನೆ ವೈದ್ಯರಿಗೆ ಇಂದಿಗೂ ಮೊದಲು ನೆನಪಿಗೆ ಬರುವುದು ದಕ್ಷಿಣ ಭಾರತವೇ.

ನಮ್ಮ ಕಡೆಯೇ ಇದು ಹೆಚ್ಚಾಗಿರುವುದೇಕೆ? ಉತ್ತರದ ಒಂದು ಭಾಗ ನಮ್ಮ ಬಚ್ಚಲುಮನೆಯಲ್ಲಿದೆ. ಪಶ್ಚಿಮ ದೇಶಗಳವರು ತೊಟ್ಟಿಯಲ್ಲಿ ಕುಳಿತು ಮೈಯನ್ನು ನೀರಿನಲ್ಲಿ ಮುಳುಗಿಸಿಕೊಳ್ಳುವರು. ನಾವು ಹಾಗಲ್ಲ. ಹಂಡೆಯ ಕೆಳಗೆ ಮುಂಜಾವದಲ್ಲಿಯೇ ಉರಿ ಹಾಕಿ, ಎಣ್ಣೆಯನ್ನು ನೆತ್ತಿಗೆ ತಟ್ಟಿ, ಹೊಗೆಯಾಡುವ ನೀರನ್ನು ಚೊಂಬಿನಿಂದ ಒಂದರ ಮೇಲೊಂದರಂತೆ ತಲೆಗೆ ಹುಯ್ಯುವುದೇ ನಮ್ಮ ಪದ್ಧತಿ. ಎಣ್ಣೆಯ ಜಿಡ್ಡು ಹೋಗಬೇಕಾದರೆ ನೀರು ಸುಡುಸುಡುತ್ತಿರಬೇಕೆಂದು ಹಿರಿಯರ ಹಟ. ವೈದ್ಯರು ಅಳೆದು ನೋಡಿದಾಗ ಇಂಥ ನೀರಿನ ಕಾವು 40ರಿಂದ 50 ಡಿಗ್ರಿ ಸೆಂಟಿಗ್ರೇಡಿನಷ್ಟಿತ್ತು. ನಮ್ಮ ಮೈಯ ಸಹಜವಾದ ಕಾವು 37 ಡಿಗ್ರಿ. ಮೈಯ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಹೊಣೆಯು ಮೆದುಳಿನ ಬುಡದಲ್ಲಿರುವ ಹೈಪೊಥಲಮಸ್ ಎಂಬ ಸಣ್ಣ ಭಾಗದ್ದು. ಈ ರೋಗಿಗಳಲ್ಲಿ ಆ ನಿಯಂತ್ರಣವು ಹುಟ್ಟಿನಿಂದಲೇ ಸ್ವಲ್ಪ ದುರ್ಬಲವಾಗಿದ್ದು, ತಲೆಯ ಮೇಲೆ ಬಿಸಿ ಥಟ್ಟನೆ ಏರಿದಾಗ ಮೆದುಳು ಅದನ್ನು ತಾಳಲಾರದೆ ಸೆಳವು ಹುಟ್ಟುತ್ತದೆಂಬುದು ಸಂಶೋಧಕರ ಅಭಿಪ್ರಾಯ.

ಆದರೆ ಬಿಸಿನೀರೊಂದೇ ಕಾರಣವಾಗಿದ್ದರೆ ನಮ್ಮ ಸೀಮೆಯ ಮಕ್ಕಳೆಲ್ಲರೂ ಪ್ರತಿ ದೀಪಾವಳಿಯಲ್ಲಿ ಬೀಳಬೇಕಾಗಿತ್ತು. ಹಾಗಾಗುವುದಿಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಬರುವುದನ್ನು ವೈದ್ಯರು ಮೊದಲೇ ಗಮನಿಸಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇಂಥ ಕುಟುಂಬಗಳವರ ರಕ್ತವನ್ನು ಪರೀಕ್ಷಿಸಿ, 10ನೆಯ ಮತ್ತು 4ನೆಯ ವರ್ಣತಂತುಗಳ ಕೆಲವು ಭಾಗಗಳಿಗೆ ಈ ರೋಗದೊಡನೆ ಸಂಬಂಧವಿರುವುದನ್ನು ಕಂಡುಕೊಂಡರು. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬಹುತೇಕ ಬಾಲ್ಯದಲ್ಲಿಯೇ ತೊಡಗುತ್ತದೆ. ದೊಡ್ಡವರಲ್ಲಿ ತೊಡಗುವುದೂ ಉಂಟು.

ಇದನ್ನು ಪರೀಕ್ಷಿಸುವುದು ಹೇಳಿದಷ್ಟು ಸುಲಭವಲ್ಲ. ಇ.ಇ.ಜಿ. ತೆಗೆಯುವಾಗ ತಲೆಯ ತುಂಬ ತಂತಿಗಳನ್ನು ಅಂಟಿಸಬೇಕು; ಅದೇ ತಲೆಗೆ ಚೊಂಬು ಚೊಂಬು ನೀರು ಹುಯ್ಯುವುದೆಂತು? ಸೆಳವಿಲ್ಲದಾಗ ಪರೀಕ್ಷಿಸಿದರೆ ಬಹುಮಂದಿಯ ಗೆರೆಗಳು ಸರಿಯಾಗಿಯೇ ಇರುತ್ತವೆ. ಆದುದರಿಂದಲೇ ಈ ರೋಗದಲ್ಲಿ ಯಂತ್ರಕ್ಕಿಂತ ಮನೆಯವರು ಹೇಳುವ ಮಾತಿಗೆ ಹೆಚ್ಚು ಬೆಲೆ. ನಿಮ್ಹಾನ್ಸಿನ ಸಂಶೋಧಕರು ಇಲಿಗಳ ತಲೆಯ ಮೇಲೆ ಬಿಸಿನೀರಿನ ಧಾರೆಯನ್ನು ಬಿಟ್ಟು ಅವುಗಳಲ್ಲಿಯೂ ಇದೇ ಬಗೆಯ ಸೆಳವನ್ನು ಕಂಡು 1996ರಲ್ಲಿ ಪ್ರಕಟಿಸಿದರು. ಮತ್ತೆ ಮತ್ತೆ ಬಿಸಿ ತಗಲಿದರೆ ಮೆದುಳು ಸೆಳವಿಗೆ ಒಗ್ಗಿಹೋಗುತ್ತದೆಂಬ ಶಂಕೆ ಇದರಿಂದ ಬಲಗೊಂಡಿತು. ರೋಗಿಗಳಲ್ಲಿಯೂ ಕೆಲವರಿಗೆ, ಮೊದಲು ಬಿಸಿನೀರಿನಿಂದ ಮಾತ್ರ ಬರುತ್ತಿದ್ದ ಮೂರ್ಛೆಯು ಒಂದೆರಡು ವರ್ಷಗಳ ಮೇಲೆ ನೀರಿಲ್ಲದೆಯೂ ಬರತೊಡಗಿದುದನ್ನು ವೈದ್ಯರು ಕಂಡಿದ್ದಾರೆ. ‘ಹಬ್ಬಕ್ಕೊಮ್ಮೆ ತಾನೆ, ಹೋಗಲಿ’ ಎಂದು ಸುಮ್ಮನಿರಲಾಗದುದು ಈ ಕಾರಣದಿಂದ.

ಇನ್ನೂ ಒಂದು ವಿಚಿತ್ರವಿದೆ. ಕೆಲವು ರೋಗಿಗಳಿಗೆ ಬಿಸಿನೀರು ಬೀಳುತ್ತಿದ್ದಂತೆ ವಿಪರೀತವಾದ ಸುಖವೆನಿಸುತ್ತದೆ. ನಿಲ್ಲಿಸಲಾರದೆ, ಇನ್ನಷ್ಟು ಬಿಸಿಯಾದುದನ್ನು ಇನ್ನಷ್ಟು ಬೇಗ ಬೇಗ ಹುಯ್ದುಕೊಳ್ಳುತ್ತ ಎಚ್ಚರ ತಪ್ಪುತ್ತಾರೆ. ನೋಡುವವರಿಗೆ ಅದು ಯಾರೋ ಮೈಮೇಲೆ ಬಂದು ಮಾಡಿಸಿದಂತೆಯೇ ಕಾಣುವುದು. ಬಚ್ಚಲಿನಲ್ಲಿ ಗಾಳಿ ಸೋಕುತ್ತದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಏಕೆ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಾಗೆಂದವರನ್ನು ನಾವು ಹಾಸ್ಯಮಾಡಲೂ ಬಾರದು. ಅವರು ಕಂಡುದು ನಿಜ. ಕಾರಣವನ್ನು ಹುಡುಕಿದ ಜಾಗ ಬೇರೆ, ಅಷ್ಟೆ.

ಚಿಕಿತ್ಸೆಯ ಮೊದಲ ಹೆಜ್ಜೆಗೆ ಕಾಸಿನ ಖರ್ಚಿಲ್ಲ. ತಲೆಗೆ ಹುಯ್ಯುವ ನೀರು ಉಗುರುಬೆಚ್ಚಗಿರಬೇಕು. ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಇಷ್ಟರಿಂದಲೇ ಅನೇಕರಿಗೆ ಸೆಳವು ನಿಲ್ಲುತ್ತದೆ. ನಿಲ್ಲದಿದ್ದವರಿಗೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಮಾತ್ರ ತೆಗೆದುಕೊಳ್ಳುವ ಕ್ಲೋಬಜಾಮ್ ಎಂಬ ಮಾತ್ರೆಯನ್ನು ಕೊಡುವ ಕ್ರಮವನ್ನು ಬೆಂಗಳೂರಿನ ವೈದ್ಯರು ರೂಢಿಗೆ ತಂದಿದ್ದಾರೆ. ನೀರಿಲ್ಲದೆಯೂ ಮೂರ್ಛೆ ಬರುವವರಿಗೆ ದಿನವೂ ಔಷಧ ಬೇಕಾಗುತ್ತದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ನೆರೆಮನೆಯ ಮಗುವಿನ ಮಾತ್ರೆಯನ್ನು ನಮ್ಮ ಮಗುವಿಗೆ ಕೊಡುವಂತಿಲ್ಲ. ಸೆಳವು ನಿಂತಿತೆಂದು ತಾವಾಗಿಯೇ ಔಷಧವನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಇಂಥ ಮಕ್ಕಳು ಬಚ್ಚಲಿನ ಅಗುಳಿಯನ್ನು ಹಾಕಿಕೊಳ್ಳಬಾರದು. ಉರಿಯುವ ಒಲೆಯ ಬಳಿ, ಬಾವಿ ಕುಂಟೆಗಳ ಬಳಿ ಒಂಟಿಯಾಗಿರಬಾರದು. ನಮ್ಮ ಹುಡುಗನನ್ನು ಶಾಲೆಯಿಂದ ಬಿಡಿಸಿ ಕುರಿ ಕಾಯಲು ಕಳುಹಿಸಲು ಹೊರಟವರಿಗೆ ಇದು ತಿಳಿದಿರಲಿಲ್ಲ. ನೂರು ಜನರ ನಡುವೆ ಶಾಲೆಯಲ್ಲಿರುವುದಕ್ಕಿಂತ ಬೆಟ್ಟದ ತಪ್ಪಲಲ್ಲಿ ಒಬ್ಬನೇ ಇರುವುದೇ ಅವನಿಗೆ ಹೆಚ್ಚು ಅಪಾಯವಾಗಿತ್ತು.

ಬಚ್ಚಲಲ್ಲಿ ಬಿದ್ದವರಿಗೆಲ್ಲ ಇದೇ ರೋಗವೆಂದು ತಿಳಿಯಬಾರದು. ಚಿಕ್ಕ ಮಕ್ಕಳಿಗೆ ಜ್ವರದ ತಾಪದಿಂದ ಸೆಳವು ಬರುವುದುಂಟು. ತಲೆಗೆ ಬಿದ್ದ ಪೆಟ್ಟಿನಿಂದ, ಹುಟ್ಟುವಾಗ ಉಸಿರು ಕಟ್ಟಿದುದರಿಂದ ಬರುವುದುಂಟು. ನಮ್ಮ ದೇಶದಲ್ಲಿ ಬಹಳ ಕಾಣುವ ಇನ್ನೊಂದು ಕಾರಣ ಹಂದಿಯ ಲಾಡಿಹುಳು. ಆ ಹುಳುವಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳಿರುತ್ತವೆ. ಬಯಲಿನಿಂದ ಅವು ತರಕಾರಿಯ ತೋಟಕ್ಕೋ ಕುಡಿಯುವ ನೀರಿಗೋ ಸೇರಿ, ಹಸಿಯ ಕೊತ್ತಂಬರಿ ಮೂಲಂಗಿಗಳ ಜೊತೆ, ತೊಳೆಯದ ಕೈಗಳ ಜೊತೆ ಹೊಟ್ಟೆಯನ್ನು ಸೇರುತ್ತವೆ. ಅಲ್ಲಿಂದ ರಕ್ತದಲ್ಲಿ ಮೆದುಳಿಗೇರಿ ಸಣ್ಣ ಗುಳ್ಳೆಗಳಾಗಿ ಕೂರುತ್ತವೆ. ಹಂದಿಯ ಮಾಂಸವನ್ನು ಎಂದೂ ಮುಟ್ಟದವರಿಗೂ ಇದು ಬರುವುದು ಈ ದಾರಿಯಿಂದ. ಸಿ.ಟಿ. ಯಂತ್ರದ ಚಿತ್ರಗಳಲ್ಲಿ ಕಾಣುವ ಇಂಥ ಒಂಟಿ ಗಂಟನ್ನು ಹಿಂದೆ ಕ್ಷಯದ ಗಂಟೆಂದು ತಿಳಿದು ಕ್ಷಯದ ಔಷಧವನ್ನು ಕೊಡುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಹುಳುವಿನ ಗುಳ್ಳೆಗಳೆಂದು 1989ರಿಂದೀಚೆಗೆ ತೋರಿಸಿಕೊಟ್ಟವರು ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರು. ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು 1949ರಲ್ಲಿ ಡಾ. ಜೇಕಬ್ ಚಾಂಡಿ ಅವರು ತೆರೆದುದೂ ಅಲ್ಲಿಯೇ. ಬೆಂಗಳೂರೊಂದು ಕಡೆ, ವೇಲೂರೊಂದು ಕಡೆ. ಇವೆರಡರ ನಡುವಣ ಹಳ್ಳಿಗಳವರಾದ ನಮಗೆ ಆ ಮಟ್ಟಿಗೆ ಅದೃಷ್ಟವುಂಟು.

ದೊಡ್ಡ ಊರಿಗೆ ಹೋಗಲಾರದವರ ಗತಿಯೇನೆಂಬ ಪ್ರಶ್ನೆಯನ್ನು ಡಾ. ಮಣಿ ಅವರೂ ಕೇಳಿಕೊಂಡಿದ್ದರು. ಅವರ ತಂಡದವರು ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರು ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ 64,963 ಜನರನ್ನು ವಿಚಾರಿಸಿದರು. ಬೆಂಗಳೂರಿನ ಸುತ್ತಣ ಲೆಕ್ಕದಲ್ಲಿ ಲಕ್ಷಕ್ಕೆ 60 ಮಂದಿಗೆ ಇದ್ದ ಬಿಸಿನೀರಿನ ಮೂರ್ಛೆ ಅಲ್ಲಿ ಲಕ್ಷಕ್ಕೆ 255 ಮಂದಿಗೆ ಇದ್ದಿತು. ಅದೇ ತಾಲ್ಲೂಕಿನಲ್ಲಿ 135 ಮೂರ್ಛೆರೋಗಿಗಳಿಗೆ ನಾವು ಮೇಲೆ ಹೇಳಿದ ಆ ಎರಡು ಹಳೆಯ, ಅಗ್ಗದ ಔಷಧಗಳಲ್ಲಿ ಒಂದನ್ನು ಕೊಟ್ಟು ಐದು ವರ್ಷಗಳವರೆಗೆ ನೋಡಿಕೊಂಡರು. ಅರ್ಧಕ್ಕೂ ಹೆಚ್ಚು ಮಂದಿಗೆ ಸೆಳವು ಹತೋಟಿಗೆ ಬಂದಿತು. ಇದು 2001ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ತಂದೆತಾಯಿಗಳು ಗಮನಿಸಬೇಕಾದ ಮಾತೊಂದಿದೆ. ಚಿಕಿತ್ಸೆಗೆ ಮೊದಲು ದೊಡ್ಡ ಸೆಳವುಗಳು ಮೂವತ್ತಕ್ಕಿಂತ ಹೆಚ್ಚು ಬಾರಿ ಬಂದು ಹೋಗಿದ್ದವರಲ್ಲಿ ಗುಣ ಕಡಿಮೆ. ಅದಕ್ಕೂ ಮುಂಚೆ ಔಷಧ ತೊಡಗಿದವರಲ್ಲಿ ಹೆಚ್ಚು.

ಹೀಗಿದ್ದರೂ ಮನೆಯವರು ರೋಗವನ್ನು ಬಚ್ಚಿಡುವುದೇಕೆಂಬುದು ನಮಗೆ ತಿಳಿಯದ ವಿಷಯವಲ್ಲ. ಹೆಣ್ಣುಮಗುವಾದರಂತೂ ನಾಳೆ ಮದುವೆಯ ಮಾತು ಬರುತ್ತದೆ. 1999ರವರೆಗೆ ಹಿಂದೂ ವಿವಾಹ ಕಾಯಿದೆಯಲ್ಲಿಯೇ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲಿ ಹೆಸರಿಸಿ, ವಿವಾಹಕ್ಕೆ ಅಡ್ಡಿಯೆಂದು ಬರೆದಿದ್ದರು. ಆ ವರ್ಷ ಕಾಯಿದೆಯನ್ನು ತಿದ್ದಿ ಆ ಮಾತನ್ನು ತೆಗೆದುಹಾಕಲಾಯಿತು. ಪುಸ್ತಕದಿಂದ ಹೋದುದು ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮೂರ್ಛೆ ಅಂಟುರೋಗವಲ್ಲ. ಬಾಯಿಯ ನೊರೆಯಿಂದ ಅದು ಇನ್ನೊಬ್ಬರಿಗೆ ಹತ್ತುವುದಿಲ್ಲ. ಬುದ್ಧಿಗೂ ಅದಕ್ಕೂ ಹಗೆತನವಿಲ್ಲ.

ಶಾಲೆಯಲ್ಲಿಯೋ ಬಸ್ಸಿನಲ್ಲಿಯೋ ಒಬ್ಬರು ಹೀಗೆ ಬಿದ್ದರೆ ಮಾಡಬೇಕಾದುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಕೈಗೆ ಬೀಗದ ಕೈ ಕೊಡುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಸೆಳವು ನಿಲ್ಲದು. ಅದು ತಾನಾಗಿಯೇ ಒಂದೆರಡು ನಿಮಿಷಗಳಲ್ಲಿ ನಿಲ್ಲುವಂಥದು; ಆ ಹೊತ್ತಿಗೆ ಸರಿಯಾಗಿ ಬೀಗದ ಕೈ ಬಂದಿರುವುದರಿಂದ ಕೀರ್ತಿ ಅದಕ್ಕೆ ಹೋಗಿದೆ. ಬಿದ್ದವರನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ಜೊಲ್ಲು ಹೊರಗೆ ಹರಿದುಹೋಗಲಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಡಬೇಕು. ಕೈಕಾಲನ್ನು ಒತ್ತಿಹಿಡಿಯಬಾರದು. ಬಾಯೊಳಗೆ ಚಮಚವನ್ನಾಗಲಿ ಬಟ್ಟೆಯನ್ನಾಗಲಿ ನೀರನ್ನಾಗಲಿ ಹಾಕಲೇಬಾರದು. ಗಡಿಯಾರವನ್ನು ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಇನ್ನೊಮ್ಮೆ ಬಂದರೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಗುಂಪು ಸೇರಿ ಗಾಳಿಯನ್ನು ತಡೆಯುವುದನ್ನು ಮಾತ್ರ ನಾವೆಲ್ಲರೂ ಯಾರೂ ಕಲಿಸದೆಯೇ ಚೆನ್ನಾಗಿ ಮಾಡುತ್ತೇವೆ.

ಆ ಹುಡುಗನು ಸಂಕ್ರಾಂತಿಯ ಮರುವಾರ ಶಾಲೆಗೆ ಬಂದನು. ಅವನ ಕೊರಳಿನ ತಾಯಿತವನ್ನು ಅಜ್ಜಿ ಬಿಚ್ಚಗೊಡಲಿಲ್ಲ. ಉಪಾಧ್ಯಾಯರೂ ಬಿಚ್ಚಿರೆಂದು ಹೇಳಲಿಲ್ಲ. ಆದರೆ ಶನಿವಾರ ಅವನಿಗೆ ನೀರು ಹುಯ್ಯುವ ಮುಂಚೆ ಅಜ್ಜಿಯೇ ಮೊಣಕೈಯನ್ನು ಹಂಡೆಯ ನೀರಿನಲ್ಲಿ ಅದ್ದಿ ನೋಡುತ್ತಿದ್ದರಂತೆ. ತಾಯಿಯು ಗೋಡೆಯ ಕ್ಯಾಲೆಂಡರಿನಲ್ಲಿ ಸೆಳವು ಬಂದ ದಿನಕ್ಕೆ ಕುಂಕುಮದ ಬೊಟ್ಟಿಡುವ ರೂಢಿಯನ್ನು ಮಾಡಿಕೊಂಡರು. ಮರುವರ್ಷ ಅದರಲ್ಲಿ ಇದ್ದುದು ಒಂದೇ ಬೊಟ್ಟು. ಅದು ನೆಂಟರ ಊರಿನ ಜಾತ್ರೆಗೆ ಹೋಗಿದ್ದಾಗ, ವಿಷಯ ತಿಳಿಯದ ಸೋದರತ್ತೆಯೊಬ್ಬರು ಅಕ್ಕರೆಯಿಂದ ಸುಡುನೀರನ್ನು ತಲೆಗೆ ಎರೆದ ದಿನದ್ದು.